ಬೆಟ್ಟದ ಫೈಲು

ಶಿರಸಿಯಲ್ಲಿ ಸೈಟ್ ಮಾರುವ ಕೆಲಸಕ್ಕೆ ಜನ ಬೇಕು ಅಂದರೆ ಸಾಲು ನಿಲ್ಲುತ್ತಾರೆ. ಒಂದು ಬೈಕು, ಒಂದಿಷ್ಟು ಮಾತು ಇದ್ದರೆ ಸಾಕು ಅನ್ನೋ ಲೆಕ್ಕ. ನಂಬಿ ಗಿರಾಕಿಯ ಜೊತೆ ಕಳಿಸುವಂಥವರು ಸಿಗೋದು ಬೇರೆ ಮಾತು.

ಈ ಸಲ ಬಂದವರ ಬಯೋಡಾಟಾ ಬದಿಗಿಟ್ಟು, ನಾವೇ ಬೇಡ ಅಂತ ಬಿಟ್ಟಿದ್ದ ಜಾಗದ ಫೈಲು ಮುಂದಿಟ್ಟೆ. ಹತ್ತು ಗುಂಟೆ ಮಾಲ್ಕಿ, ಅಂದರೆ ಖಾಸಗಿ ಸ್ವಂತ ಜಾಗ. ಪಕ್ಕದ ಸೊಪ್ಪಿನ ಬೆಟ್ಟವನ್ನೂ ಸೇರಿಸಿ ಬೇಲಿ ಹಾಕಿದ್ದರು. "ಗಿರಾಕಿಗೆ ಏನು ಹೇಳ್ತೀರಿ?"

ಕಾರ್ ಶೋರೂಮಿನಿಂದ ಬಂದ ಹುಡುಗ ಪಹಣಿ ಸುಮ್ನೆ ತಿರುವಿ ಹಾಕಿದ. "ಹತ್ತು ಗುಂಟೆ ತಗೊಂಡ್ರೆ ಹಿಂದಿನದು ಫ್ರೀ ಅನ್ನೋಣ ಸರ್." ಹೇಳಿದ ಧಾಟಿಗೆ ನನಗೇ ಅಡ್ವಾನ್ಸ್ ಕೊಡೋಣ ಅನ್ನಿಸಿತು! ಆದರೆ ಬೆಟ್ಟ ಅಂದರೆ ಅಡಿಕೆ ತೋಟದವರಿಗೆ ಸೊಪ್ಪು, ದರಕು (ಒಣಗಿದ ಎಲೆ) ತರಲು ಕೊಟ್ಟ ಹಕ್ಕು. ಜಾಗ ಸರ್ಕಾರದ್ದು. ನಮ್ಮೂರಲ್ಲಿ ಇದು ಎಲ್ಲರಿಗೂ ಗೊತ್ತು. ಬೆಂಗಳೂರಿನಿಂದ ಬಂದು ಕೊಳ್ಳುವವರಿಗೆ ಹೇಗೆ ಗೊತ್ತಾಗಬೇಕು?

ಆಮೇಲೆ ಬಾಂಡ್ ರೈಟರ್ ಹತ್ತಿರ ಕೆಲಸ ಮಾಡಿದ್ದ ಒಬ್ಬ ಹೆಂಗಸು ಬಂದರು. ಪಹಣಿ ಓದಿದರು. ಮಾರುವ ಭಾಗ ಅಳೆದು ಸರ್ವೆಯವರು ಕೊಡುವ 11ಇ ನಕ್ಷೆ ಎಲ್ಲಿ ಅಂದರು, ಜಾಗದ ಮೇಲೆ ಋಣ ಇದೆಯಾ ಅಂತ ತೋರಿಸುವ ಇಸಿ ಕೇಳಿದರು. ಬೆರಳಿಟ್ಟು ಗಡಿ ನೋಡಿ, "ಮೊದ್ಲು ಬೇಲಿ ಕಿತ್ತು ಮಾಲ್ಕಿ ಗಡಿಗೆ ಹಾಕ್ಸಿ. ಆಮೇಲೆ ಯಾರಿಗೆ ಬೇಕಾದ್ರೂ ತೋರಿಸ್ತೇನೆ" ಅಂದರು.

ಸರಿ, ಸಿಕ್ಕರು ಅಂದುಕೊಂಡೆ. "ಅಕ್ಕಾ, ನಮ್ಮ ಲೈನಿನಲ್ಲಿ ಸಂಬಳ ಇಲ್ಲ, ಕಮಿಷನ್" ಅಂದೆ.

"ಹಾಗಾದ್ರೆ ನಾಲ್ಕು ತಿಂಗಳಲ್ಲಿ ನಾನೂ ಬೆಟ್ಟ ಮಾರ್ತೇನೆ ಸರ್. ಮನೆ ಬಾಡಿಗೆ ಕಟ್ಬೇಕಲ್ಲ."

ಇದಕ್ಕೆ ಏನು ಉತ್ತರ ಕೊಡೋದು? ಸೈಟು, ಮನೆ ಮಾರಾಟ ನಿಯಂತ್ರಿಸುವ 2016ರ ರೇರಾ ಕಾಯ್ದೆಯಲ್ಲಿ ಏಜೆಂಟರಿಗೂ ನೋಂದಣಿ ಇದೆ, ಸುಳ್ಳು ಹೇಳಿ ಮಾರಿದರೆ ಅದು ರದ್ದೂ ಆಗಬಹುದು. ಆದರೆ ಅಡ್ವಾನ್ಸ್ ಬಂದ ದಿನ ಮಾತ್ರ ದುಡ್ಡು ಕಾಣುವವನಿಗೆ ಕಾಯ್ದೆ ನೆನಪಿರುತ್ತಾ? ಪ್ರಾಮಾಣಿಕರು ಸಿಗಲ್ಲ ಅಂತ ಗೊಣಗುವ ನಮ್ಮವರು ಈ ಲೆಕ್ಕ ಮಾತ್ರ ಹಾಕಲ್ಲ.

ತಿಂಗಳ ಸಂಬಳ ಗೊತ್ತು ಮಾಡಿದೆ. ಕಮಿಷನ್ ಇದೆ, ಆದರೆ ರಿಜಿಸ್ಟರ್ ಆಗಿ, ಪಹಣಿಯಲ್ಲಿ ಕೊಂಡವರ ಹೆಸರು ಬಂದ ಮೇಲೆ. ಶೋರೂಮಿನ ಹುಡುಗನಿಗೂ ಇದೇ ಷರತ್ತು ಹೇಳಿದೆ. ಯೋಚನೆ ಮಾಡಿ ಹೇಳ್ತೇನೆ ಅಂದವನು ಪತ್ತೆ ಇಲ್ಲ.

ಅಕ್ಕನ ಮೊದಲ ಗಿರಾಕಿ ಕುಮಟಾ ಕಡೆ ಸಮುದ್ರದ ಹತ್ತಿರದ ಜಾಗ ಕೇಳಿಕೊಂಡು ಬಂದವರು. "ಸಿಆರ್‌ಝಡ್ (ಸಮುದ್ರ ದಂಡೆಯ ಕಟ್ಟಡ ನಿರ್ಬಂಧ) ನೋಡದೆ ಟೋಕನ್ ಕೊಡ್ಬೇಡಿ" ಅಂತ ಅಕ್ಕ ಹೇಳಿದರು, ಅವರು ಹೊರಟೇ ಹೋದರು. ನನ್ನ ಪಾಲುದಾರನ ಮುಖ ನೋಡಬೇಕಿತ್ತು. ಸಂಬಳದ ದಿನ ಬಂದರೆ ಈಗಲೂ ಅವನು ಅದೇ ಗಿರಾಕಿಯ ಸುದ್ದಿ ತೆಗೆಯುತ್ತಾನೆ.