ಕೊನೆಯ ನಾಲ್ಕು ಪುಟಗಳು

ಶುಕ್ರವಾರ ಮಗಳ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಕೇಳಿದ ಮಾತೊಂದು ಇನ್ನೂ ಮನಸ್ಸಿನಿಂದ ಇಳಿದಿಲ್ಲ. ಮೌಲ್ಯಮಾಪನಕ್ಕೆ ಬಂದಿದ್ದ ಹಿರಿಯರೊಬ್ಬರು ಅವಳ ಪ್ರಾಜೆಕ್ಟ್ ಫೈಲನ್ನು ತಿರುವುತ್ತ ಬಂದು, ಕೊನೆಯ ನಾಲ್ಕು ಪುಟಗಳ ಬಳಿ ನಿಂತು, “ಇದೇನಮ್ಮ, ಬರೀ ತಪ್ಪುಗಳನ್ನೇ ಬರೆದಿದ್ದೀಯಲ್ಲ? ಇದನ್ನೆಲ್ಲ ತೆಗೆದು ನೀಟಾಗಿ ಫೈಲ್ ಮಾಡಿ ಒಪ್ಪಿಸು” ಎಂದರು. ಅವಳು ಕ್ಷಣ ಹೊತ್ತು ಸುಮ್ಮನಿದ್ದು, “ಆದರೆ ಸರ್, ಅದೆಲ್ಲ ನಡೆದದ್ದೇ ಅಲ್ವಾ?” ಎಂದಳು. ಅವರು ನಕ್ಕು, ಆ ಪುಟಗಳ ಮೂಲೆಯಲ್ಲಿ ಕೆಂಪು ಶಾಯಿಯ ಗುರುತು ಹಾಕಿ ಮುಂದಿನ ಮೇಜಿನತ್ತ ನಡೆದರು.

ಅವಳು ಮಾಡಿದ್ದು ಕತ್ತಲಾದರೆ ತಾನಾಗಿ ಹೊತ್ತಿಕೊಳ್ಳುವ ಪುಟ್ಟ ದೀಪ. ನಾವು ಬರೆದ ಪ್ರೋಗ್ರಾಮಿನಂತೆ ನಡೆಯುವ ಪುಟ್ಟ ಸರ್ಕ್ಯೂಟ್ ಹಲಗೆಯಾದ ಆರ್ಡುಯಿನೋ ಊನೋ ಬೋರ್ಡು ಒಂದು, ಬೆಳಕಿಗೆ ತಕ್ಕಂತೆ ರೋಧ ಬದಲಾಗುವ ಎಲ್‌ಡಿಆರ್ ಒಂದು, ವಿದ್ಯುತ್ತಿನ ಹರಿವನ್ನು ತಗ್ಗಿಸುವ ಕೆಲವು ರೆಸಿಸ್ಟರ್, ಒಂದು ಎಲ್‌ಇಡಿ, ಒಂದು ಹಿಡಿ ಜಂಪರ್ ವೈರ್. ಲೆಕ್ಕಪತ್ರದ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಇವುಗಳಲ್ಲಿ ಒಂದರ ಪರಿಚಯವೂ ಇರಲಿಲ್ಲವಾದ್ದರಿಂದ, ಐದು ವಾರ ರಾತ್ರಿ ಊಟವಾದ ಮೇಲೆ ಅವಳ ಪಕ್ಕದಲ್ಲಿ ಕುಳಿತು ನಾನೂ ಮೊದಲಿನಿಂದ ಕಲಿತೆ. ಮೊದಲ ದಿನವೇ ಅವಳು ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆದಳು: ಏನಾಯಿತು, ನಾವು ಏನೆಂದುಕೊಂಡೆವು, ನಿಜವಾಗಿ ಏನಾಗಿತ್ತು. ಮುಗಿಯುವ ಹೊತ್ತಿಗೆ ಅದು ಫೈಲಿನ ಆ ಕೊನೆಯ ನಾಲ್ಕು ಪುಟಗಳಾಗಿ ಬೆಳೆದಿತ್ತು, ಅದರಲ್ಲಿ 11 ತಪ್ಪುಗಳಿದ್ದವು.

ಮೊದಲನೆಯದು ಬ್ರೆಡ್‌ಬೋರ್ಡಿನದು, ಅಂದರೆ ಬೆಸುಗೆಯಿಲ್ಲದೆ ವೈರುಗಳನ್ನು ಚುಚ್ಚಿ ಜೋಡಿಸುವ ತೂತುಗಳ ಹಲಗೆಯದು. ಬೋರ್ಡಿನ 5 ವೋಲ್ಟ್ ತುದಿಯಿಂದ 220 ಓಮ್ ರೆಸಿಸ್ಟರ್ ಮೂಲಕ ಕೆಂಪು ಎಲ್‌ಇಡಿಯನ್ನು ಹೊತ್ತಿಸಬೇಕಿತ್ತು. ದೀಪ ಒಮ್ಮೆ ಕಣ್ಣು ಕುಕ್ಕುವಂತೆ ಬೆಳಗಿ ಶಾಶ್ವತವಾಗಿ ಆರಿಹೋಯಿತು. ದೀಪವೇ ಕೆಟ್ಟದ್ದಿರಬೇಕೆಂದು ಇನ್ನೊಂದನ್ನು ಹಾಕಿದೆವು; ಅದೂ ಹೋಯಿತು. ಮೂರನೆಯದನ್ನು ಹಾಕುವ ಮೊದಲು ಅವಳು ರೆಸಿಸ್ಟರನ್ನು ಕಿತ್ತು ಕೈಯಲ್ಲಿ ಹಿಡಿದು, ಬ್ರೆಡ್‌ಬೋರ್ಡಿನ ತೂತುಗಳನ್ನು ಬೆರಳಿನಿಂದ ಎಣಿಸುತ್ತ ಹೋದಳು. ಒಂದು ಅಡ್ಡಸಾಲಿನ 5 ತೂತುಗಳ ಕೆಳಗೆ ಒಂದೇ ಲೋಹದ ಪಟ್ಟಿ ಇರುತ್ತದೆ. ರೆಸಿಸ್ಟರಿನ ಎರಡೂ ಕಾಲುಗಳನ್ನು ನಾವು ಅದೇ ಸಾಲಿಗೆ ಚುಚ್ಚಿದ್ದೆವು. ವಿದ್ಯುತ್ತು ರೆಸಿಸ್ಟರಿನ ಗೊಡವೆಗೇ ಹೋಗದೆ ಪಟ್ಟಿಯ ಮೂಲಕ ನೇರವಾಗಿ ದಾಟಿತ್ತು. ಒಂದು ಕಾಲನ್ನು ಮುಂದಿನ ಸಾಲಿಗೆ ಸರಿಸಿದ ಮೇಲೆ ಅವಳು ಹಾಳೆಯಲ್ಲಿ ಲೆಕ್ಕ ಮಾಡಿದಳು: 5 ವೋಲ್ಟಿನಲ್ಲಿ ಎಲ್‌ಇಡಿಗೆ ಸುಮಾರು 2 ಹೋದರೆ ಉಳಿಯುವುದು 3, ಅದನ್ನು 220ರಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪಿಯರ್. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಓಮ್‌ನ ನಿಯಮ ಅಂದು ರಾತ್ರಿ ಸತ್ತ ಎರಡು ಎಲ್‌ಇಡಿಗಳ ಮುಂದೆ ಅವಳಿಗೆ ಮೊದಲ ಬಾರಿ ಅರ್ಥವಾಯಿತು ಎಂದು ನಾನು ದೃಢವಾಗಿ ನಂಬುತ್ತೇನೆ.

ಕಂಪ್ಯೂಟರಿನ ಪರದೆಯ ಮೇಲೆ ಬೋರ್ಡು ಕಳಿಸಿದ ಸಂಖ್ಯೆಗಳ ಬದಲು ವಿಚಿತ್ರ ಚಿಹ್ನೆಗಳು ಬಂದದ್ದೂ ಪಟ್ಟಿಯಲ್ಲಿದೆ. ಪ್ರೋಗ್ರಾಮಿನಲ್ಲಿ 9600 ಎಂಬ ವೇಗ ಕೊಟ್ಟು, ಓದುವ ಕಿಟಕಿಯಲ್ಲಿ 115200 ಇಟ್ಟಿದ್ದೆವು. ಬೋರ್ಡು ಒಂದು ಲಯದಲ್ಲಿ ಮಾತಾಡುತ್ತಿತ್ತು, ಕಂಪ್ಯೂಟರು ಇನ್ನೊಂದು ಲಯದಲ್ಲಿ ಕೇಳಿಸಿಕೊಳ್ಳುತ್ತಿತ್ತು.

ಆದರೆ ನಮ್ಮನ್ನು ಮೂರು ರಾತ್ರಿ ಕಾಡಿದ್ದು ಒಂಬತ್ತನೆಯ ತಪ್ಪು. ಎಲ್‌ಡಿಆರ್ ಜೊತೆಗೆ 10 ಕಿಲೋಓಮ್ ರೆಸಿಸ್ಟರ್ ಸೇರಿಸಿ ನಡುವಿನ ವೋಲ್ಟೇಜನ್ನು ಬೋರ್ಡು ಓದುವಂತೆ ಮಾಡಿದ್ದೆವು. ಅದು ಆ ವೋಲ್ಟೇಜನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಹೇಳುತ್ತದೆ, ಬೆಳಕು ಹೆಚ್ಚಿದರೆ ಸಂಖ್ಯೆಯೂ ಏರುತ್ತದೆ. 300ಕ್ಕಿಂತ ಕೆಳಗಿಳಿದರೆ ದೀಪ ಹೊತ್ತಲಿ ಎಂದು ಪ್ರೋಗ್ರಾಮ್ ಬರೆದಾಗಿತ್ತು. ಕೆಂಪು ಎಲ್‌ಇಡಿ ಇದ್ದಾಗ ಎಲ್ಲವೂ ಸರಿಯಾಗಿತ್ತು. ಪ್ರಖರವಾದ ಬಿಳಿಯದನ್ನು ಹಾಕಿದ ಕೂಡಲೆ, ಕೋಣೆ ಕತ್ತಲಾದಾಗ, ದೀಪ ನಡುಗುವಂತೆ ಹೊತ್ತಿ ಆರಿ ಹೊತ್ತಿ ಆರಿ ಮಾಡತೊಡಗಿತು. ವೈರು ಸಡಿಲವೆಂದು ನಾನು ಎಲ್ಲವನ್ನೂ ಒತ್ತಿ ನೋಡಿದೆ, ಪ್ರಯೋಜನವಾಗಲಿಲ್ಲ. ಮೂರನೆಯ ರಾತ್ರಿ ಅವಳು ಎಲ್‌ಇಡಿ ಮತ್ತು ಎಲ್‌ಡಿಆರ್ ನಡುವೆ ಸುಮ್ಮನೆ ಅಂಗೈ ಅಡ್ಡ ಹಿಡಿದಳು, ನಡುಕ ನಿಂತಿತು. ಕೈ ತೆಗೆದಳು, ಮತ್ತೆ ಶುರುವಾಯಿತು. “ಅಪ್ಪಾ, ಅದು ತನ್ನ ಬೆಳಕನ್ನೇ ನೋಡಿ ಬೆಳಗಾಯಿತು ಅಂದುಕೊಳ್ತಿದೆ!” ಎಂದು ಕೂಗಿದಳು. ದೀಪ ಹೊತ್ತಿದರೆ ಎಲ್‌ಡಿಆರ್ ಮೇಲೆ ಬೆಳಕು, ಬೆಳಕು ಬಿದ್ದರೆ ದೀಪ ಆರುತ್ತದೆ, ಆರಿದರೆ ಕತ್ತಲು, ಕತ್ತಲಾದರೆ ಮತ್ತೆ ದೀಪ.

ಕಪ್ಪು ಕಾಗದವನ್ನು ಕೊಳವೆಯಂತೆ ಸುತ್ತಿ ಎಲ್‌ಡಿಆರ್‌ಗೆ ತೊಡಿಸಿದಳು. ಅಷ್ಟಕ್ಕೇ ಬಿಡದೆ, 300ರ ಕೆಳಗೆ ಇಳಿದಾಗ ಹೊತ್ತಬೇಕು, ಆದರೆ 400 ದಾಟಿದಾಗ ಮಾತ್ರ ಆರಬೇಕು ಎಂದು ಪ್ರೋಗ್ರಾಮಿನಲ್ಲಿ ಎರಡು ಗಡಿಗಳನ್ನು ಬರೆದಳು. ಆ ನಡುವಿನ 100ರ ಅಂತರದಲ್ಲಿ ದೀಪ ಇದ್ದ ಸ್ಥಿತಿಯಲ್ಲೇ ಇರುತ್ತದೆ. ಈ ಉಪಾಯಕ್ಕೆ ಹಿಸ್ಟರೆಸಿಸ್ ಎಂಬ ಹೆಸರಿದೆ ಎಂದು ನಮಗೆ ಆಮೇಲೆ ತಿಳಿಯಿತು. ಕೋಣೆಯ ಶಾಖ ಕಾಯುವ ಥರ್ಮೋಸ್ಟ್ಯಾಟ್ ಕೂಡ ಇದೇ ಉಪಾಯದಿಂದ ಪದೇಪದೇ ಚಾಲೂ ಬಂದ್ ಆಗುವುದನ್ನು ತಪ್ಪಿಸಿಕೊಳ್ಳುತ್ತದೆಯಂತೆ. ಹೆಸರು ತಿಳಿಯುವ ಮೊದಲೇ ಅವಳು ಅದನ್ನು ಕಂಡುಕೊಂಡಿದ್ದಳು, ಮತ್ತು ಅದೆಲ್ಲ ಬರೆದಿರುವುದು ಕೆಂಪು ಗುರುತು ಬಿದ್ದ ಮೂರನೆಯ ಪುಟದಲ್ಲಿ.

ಆ ಹಿರಿಯರು ಕೆಟ್ಟವರಲ್ಲ. ಒಂದೇ ಮಧ್ಯಾಹ್ನದಲ್ಲಿ ಸಭಾಂಗಣದ ಎಲ್ಲ ಮೇಜುಗಳನ್ನು ನೋಡಿ ಮುಗಿಸುವ ಹೊಣೆ ಅವರ ಮೇಲಿತ್ತು, ಮಾತಿನಲ್ಲಿ ಮಮತೆಯೂ ಇತ್ತು. ಪಕ್ಕದ ಮೇಜಿನಲ್ಲಿ ಮಗನನ್ನು ಕೇಳಿದ ಪ್ರತಿ ಪ್ರಶ್ನೆಗೂ ತಾವೇ ಉತ್ತರಿಸುತ್ತಿದ್ದ ತಂದೆಯ ಬಗ್ಗೆ ನನಗೆ ಹೆಚ್ಚು ಬೇಸರವಾಯಿತು. ಆ ಹುಡುಗ ತನ್ನದೇ ಮಾದರಿಯ ಹಿಂದೆ ಅತಿಥಿಯಂತೆ ನಿಂತಿದ್ದ. ಆದರೂ “ನೀಟಾಗಿ” ಎಂಬ ಆ ಒಂದು ಪದ ನನ್ನನ್ನು ಚುಚ್ಚುತ್ತಲೇ ಇದೆ. ನಾವು ದೊಡ್ಡವರು ಮಕ್ಕಳಿಂದ ಬಯಸುವುದು ಹೊತ್ತುವ ದೀಪವನ್ನು ಮಾತ್ರ. ಅದು ಹೊತ್ತದೆ ಇದ್ದ ರಾತ್ರಿಗಳನ್ನು ಅಳಿಸಿಹಾಕಲು ನಾವೇ ಕಲಿಸುತ್ತೇವೆ, ಆಮೇಲೆ ಅವರಿಗೆ ಸ್ವಂತವಾಗಿ ಯೋಚಿಸಲು ಬರುವುದಿಲ್ಲವೆಂದು ದೂರುತ್ತೇವೆ. ನಾನೂ ಎರಡನೆಯ ವಾರದಲ್ಲಿ, ಅವಳು ಮಲಗಿದ ಮೇಲೆ, ವೈರುಗಳನ್ನು ಸರಿಪಡಿಸಿಟ್ಟುಬಿಡಲು ಕೈ ಹಾಕಿದ್ದವನೇ.

1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಎಂಬ ಕಂಪ್ಯೂಟರಿನ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಒಂದರಲ್ಲಿ ಪತಂಗವೊಂದು ಸಿಕ್ಕಿಬಿದ್ದಿದ್ದನ್ನು ಅಲ್ಲಿದ್ದವರು ಕಂಡುಹಿಡಿದು, ಆ ಪತಂಗವನ್ನೇ ದಿನಚರಿಯ ಪುಟಕ್ಕೆ ಅಂಟಿಸಿ, ಪಕ್ಕದಲ್ಲಿ ದೋಷದ ವಿವರ ಬರೆದಿಟ್ಟರು. ಆ ಪುಟ ಇಂದು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಯಾರೂ ಅದನ್ನು ಕಿತ್ತು ನೀಟಾಗಿ ಬರೆಯಲು ಹೇಳಲಿಲ್ಲ. ಇದನ್ನು ಅವಳಿಗೆ ಹೇಳಿದಾಗ ಪತಂಗದ ಚಿತ್ರವನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದಳು.

ಶನಿವಾರ ರಾತ್ರಿ ಅವಳು ಫೈಲ್ ತೆರೆದಾಗ ಪುಟಗಳನ್ನು ಕಿತ್ತುಬಿಡುತ್ತಾಳೇನೋ ಎಂದು ಅಂಜಿದೆ. ಅವಳು ಹನ್ನೆರಡನೆಯ ಸಾಲನ್ನು ಬರೆಯುತ್ತಿದ್ದಳು. ಸಭಾಂಗಣದಲ್ಲಿ ದೀಪಗಳು ಮನೆಗಿಂತ ಪ್ರಖರವಾಗಿದ್ದುದರಿಂದ ಅಂಗೈ ಅಡ್ಡ ಹಿಡಿದರೂ ಸಂಖ್ಯೆ 300ಕ್ಕೆ ಇಳಿಯಲಿಲ್ಲವೆಂದೂ, ಕೊಳವೆಯ ಬಾಯಿಯನ್ನು ಬೆರಳಿನಿಂದ ಪೂರ್ತಿ ಮುಚ್ಚಿ ತೋರಿಸಬೇಕಾಯಿತೆಂದೂ, ಯಾವ ಕೋಣೆಯಲ್ಲಿ ಇಡುತ್ತೇವೋ ಅಲ್ಲಿನ ಬೆಳಕನ್ನು ಮೊದಲು ಅಳೆದು ಗಡಿಯನ್ನು ಗೊತ್ತುಮಾಡಬೇಕೆಂದೂ ಅದರಲ್ಲಿತ್ತು. ಸೋಮವಾರ ಫೈಲ್ ಒಪ್ಪಿಸಬೇಕು. ಪುಟಗಳು ಅದರಲ್ಲೇ ಇವೆ.