4096 ಕೊಟ್ರೂ 128ರಲ್ಲೇ ನಿಂತಿದ್ದ ಸರ್ವರ್

ಹೋದ ವರ್ಷ ಆಷಾಢದಲ್ಲಿ, ಹಿಡಿದ ಮಳೆ ಬಿಡದೇ ಇದ್ದ ವಾರ ಅದು. ಶಿವಮೊಗ್ಗದಲ್ಲಿ ನಾವು ಮೂರ್ನಾಲ್ಕು ಜನ ಸೇರಿ ಅಡಿಕೆ ರೇಟ್ ತೋರಿಸೋ ಒಂದು ಸಣ್ಣ ಆಪ್ ನಡೆಸ್ತೀವಿ, ಸರ್ವರ್ ಆಫೀಸಲ್ಲೇ ಇದೆ, ಹಳೇ ಸೆಂಟ್‌ಓಎಸ್ 7 ಅನ್ನೋ ಲಿನಕ್ಸ್, ಅದರ ತಿರುಳಾದ ಕರ್ನಲ್ 3.10. ಮಧ್ಯಾಹ್ನ ರೇಟ್ ಹಾಕಿದ ಕೂಡ್ಲೇ ರಾಶಿ ಎಷ್ಟು, ಬೆಟ್ಟೆ ಎಷ್ಟು ಅಂತ ತೀರ್ಥಹಳ್ಳಿ, ಹೊಸನಗರ, ಸಾಗರ ಎಲ್ಲಾ ಕಡೆಯಿಂದ ಒಂದೇ ಸಲ ನುಗ್ತಾರೆ, ಆವತ್ತು ಅರ್ಧ ಜನಕ್ಕೆ ಪೇಜೇ ಬರ್ಲಿಲ್ಲ, ಸುಮ್ನೆ ಸುತ್ತುತಾ ಇತ್ತು.

ನೆಟ್‌ಸ್ಟ್ಯಾಟ್ ನೋಡಿದ್ರೆ ಲಿಸನ್ ಕ್ಯೂ (ಒಳಗೆ ಬರೋಕೆ ಕಾಯೋ ಕನೆಕ್ಷನ್‌ಗಳ ಸಾಲು) ತುಂಬಿ ಚೆಲ್ಲಿದ ಲೆಕ್ಕ ಏರ್ತಾನೇ ಇದೆ. ಕ್ಯೂ ಮಿತಿ ಇಡೋ ಕರ್ನಲ್ ಸೆಟ್ಟಿಂಗ್ ಸೋಮ್ಯಾಕ್ಸ್‌ಕಾನ್, ಹಳೇ ಕರ್ನಲ್‌ಗಳಲ್ಲಿ ಅದು 128 (5.4ರಿಂದ ಈಚೆಗೆ 4096 ಮಾಡಿದಾರೆ). ಸಿಸ್‌ಸಿಟಿಎಲ್ ಅನ್ನೋ, ಕರ್ನಲ್ ಸೆಟ್ಟಿಂಗ್ ಬದಲಾಯಿಸೋ ಕಮಾಂಡ್ ಹೊಡ್ದು 4096 ಕೊಟ್ಟೆ, ತಿರುಗಿ ಕೇಳಿದ್ರೆ 4096 ಅಂತು, ಆಯ್ತಲ್ಲ ಅನ್ಕೊಂಡೆ. ಆದ್ರೆ ಪೇಜ್ ಮಾತ್ರ ಹಂಗೇ ಸುತ್ತುತಾ ಇತ್ತು.

ಒಂದು ಗಂಟೆ ಒದ್ದಾಡಿ ಸಾಗರದ ಭಾವಂಗೆ ಫೋನ್ ಮಾಡ್ದೆ, ಅವ್ರು ಇದೇ ಕೆಲ್ಸದಲ್ಲಿ ಪಳಗಿದವ್ರು. "ಎಸ್‌ಎಸ್ ಕಮಾಂಡ್‌ನಲ್ಲಿ ಲಿಸನ್ ಲೈನ್‌ದು ಸೆಂಡ್-ಕ್ಯೂ ಎಷ್ಟದೆ ನೋಡು ಮಾರಾಯ" ಅಂದ್ರು. ಕ್ಯೂಗೆ ನಿಜವಾಗಿ ಸಿಕ್ಕ ಮಿತಿ ಅಲ್ಲಿ ತೋರಿಸ್ತದೆ, ನೋಡಿದ್ರೆ 128! "ಸರ್ವೀಸ್ ರೀಸ್ಟಾರ್ಟ್ ಮಾಡಿದ್ಯಾ?" ಇಲ್ಲ ಭಾವ, ರೀಲೋಡ್ (ನಿಲ್ಲಿಸದೇ ಸೆಟ್ಟಿಂಗ್ ಮತ್ತೆ ಓದಿಸೋದು) ಅಷ್ಟೇ ಮಾಡಿದ್ದು ಅಂದೆ. ಅಲ್ಲೇ ಇತ್ತು ವಿಷ್ಯ. ಪ್ರೋಗ್ರಾಂ ಲಿಸನ್ ಅಂತ ಕರೆದ ಗಳಿಗೇಲಿ ಮಾತ್ರ ಕರ್ನಲ್ ಆ ಮಿತಿ ನೋಡ್ತದೆ, ಆಗ ಕತ್ತರಿಸಿದ ಅಳತೆ ಆ ಸಾಕೆಟ್ (ಕನೆಕ್ಷನ್ ಬರೋ ಬಾಗಿಲು) ಇರೋವರೆಗೂ ಅದೇ, ರೀಲೋಡ್ ಮಾಡಿದ್ರೆ ನಮ್ಮ ಆಪ್ ನಡೆಸೋ ಸರ್ವರ್ ಪ್ರೋಗ್ರಾಂ ಗುನಿಕಾರ್ನ್ ಹಳೇ ಸಾಕೆಟ್ಟನ್ನೇ ಹಿಡ್ಕೊಂಡಿರ್ತದೆ. ಪೂರ್ತಿ ನಿಲ್ಲಿಸಿ ಶುರು ಮಾಡಿದ್ಮೇಲೆ ಸೆಂಡ್-ಕ್ಯೂ 2048 ತೋರಿಸ್ತು, 4096 ಅಲ್ಲ, ಯಾಕಂದ್ರೆ ಗುನಿಕಾರ್ನ್ ತಾನೇ ಕೇಳೋದು 2048, ಎರಡರಲ್ಲಿ ಯಾವುದು ಕಮ್ಮಿಯೋ ಅದೇ. ಪೇಜ್ ಬಂತು.

ಆವತ್ತೇ ರಾತ್ರಿ ಕರೆಂಟ್ ಹೋಯ್ತು, ಯುಪಿಎಸ್ಸೂ ಖಾಲಿಯಾಗಿ ಮಷೀನ್ ಬಿತ್ತು. ಬೆಳಿಗ್ಗೆ ನೋಡಿದ್ರೆ ಮತ್ತೆ 128. ಕೈಯಲ್ಲಿ ಕೊಟ್ಟಿದ್ದು ಮೆಮೊರಿಲಿ ಇರೋವರೆಗೆ ಮಾತ್ರ, ಬೂಟ್ ಆದ್ರೆ ಹೋಯ್ತು. ಸಿಸ್‌ಸಿಟಿಎಲ್ ಡಾಟ್ ಡಿ ಫೋಲ್ಡರ್‌ನಲ್ಲಿ ಉಳೀಲಿ ಅಂತ ಹೊಸ ಫೈಲ್ ಬರ್ದೆ, ಲೋಡ್ ಮಾಡೋಕೆ ಸಿಸ್‌ಸಿಟಿಎಲ್‌ಗೆ ಮೈನಸ್ ಪಿ ಕೊಟ್ಟೆ, ಏನೂ ಆಗ್ಲಿಲ್ಲ, ಅದು ಬರೀ ಸಿಸ್‌ಸಿಟಿಎಲ್ ಡಾಟ್ ಕಾನ್ಫ್ ಒಂದನ್ನೇ ಓದೋದು, ಎಲ್ಲಾ ಫೋಲ್ಡರ್ ಓದ್ಬೇಕಂದ್ರೆ ಡ್ಯಾಶ್ ಡ್ಯಾಶ್ ಸಿಸ್ಟಮ್ ಅಂತ ಕೊಡ್ಬೇಕು.

ನನ್ ಪ್ರಕಾರ ನಡೀತಾ ಇರೋ ಸಾಕೆಟ್ಟನ್ನ ಕರ್ನಲ್ ಮುಟ್ಟದೇ ಇರೋದು ಸರಿಯೇ, ಆದ್ರೆ ಯಾವ ಸೆಟ್ಟಿಂಗ್ ಯಾವಾಗ ಜಾರಿಗೆ ಬರ್ತದೆ ಅಂತ ಪ್ರತಿಯೊಂದರ ಪಕ್ಕದಲ್ಲೂ ಬರ್ದಿರ್ಬೇಕಿತ್ತು. ಸ್ವಾಪಿನೆಸ್ (ಮೆಮೊರೀಲಿರೋದನ್ನ ಡಿಸ್ಕಿನ ಸ್ವಾಪ್ ಜಾಗಕ್ಕೆ ಎಷ್ಟು ಸುಲಭವಾಗಿ ತಳ್ಬೇಕು ಅನ್ನೋದು) ಬದಲಾಯಿಸಿದ್ರೆ ತಕ್ಷಣ ಲೆಕ್ಕಕ್ಕೆ ಬರ್ತದೆ, ಆದ್ರೆ ಆಗ್ಲೇ ಸ್ವಾಪ್‌ಗೆ ಹೋದ ಮೆಮೊರಿ ಪೇಜ್ ಅಲ್ಲೇ ಕೂತಿರ್ತದೆ. ನೆಟ್‌ವರ್ಕ್‌ನಲ್ಲಿ ಡಿಫಾಲ್ಟ್ ಅನ್ನೋ ಕಡೆ ಬರೆದ್ರೆ ಇನ್ಮುಂದೆ ಬರೋ ಇಂಟರ್‌ಫೇಸ್‌ಗೆ ಮಾತ್ರ. ಮೂರಕ್ಕೂ ಕಮಾಂಡ್ ಒಂದೇ, ತೋರ್ಸೋ ಉತ್ತರಾನೂ ಒಂದೇ ಥರ.

ಈಗ ನಾನು ಫೈಲಿಗೆ ಬರೆಯೋದು ಮೊದ್ಲು, ಆಮೇಲೆ ಲೋಡ್, ಆಮೇಲೆ ರೀಸ್ಟಾರ್ಟ್, ಕೊನೇಲಿ ಎಸ್‌ಎಸ್. ಮೊನ್ನೆ ಮಳೆಗೆ ಮತ್ತೆ ಕರೆಂಟ್ ಹೋಗಿ ಬಂತು, ಎದ್ದ ಕೂಡ್ಲೇ ನೋಡ್ದೆ, ಸೆಂಡ್-ಕ್ಯೂ 2048 ಇತ್ತು.