ಸಾಲ ನನ್ನದಲ್ಲ, ಸಹಿ ನನ್ನದು

ಬ್ಯಾಂಕಿನ ಸಾಲ ವಿಭಾಗದ ಹುಡುಗ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ, "ಇದು ನಿಮ್ಮದೇ ಸಾಲ ತಾನೇ ಸರ್?" ಎಂದು ಕೇಳಿದ. ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ಸಾವಕಾಶವಾಗಿ ಓದಿದರು. "ಸಾಲ ನನ್ನದಲ್ಲಪ್ಪ, ಸಹಿ ನನ್ನದು" ಎಂದರು. ಹುಡುಗ ನಗಲಿಲ್ಲ. "ನಮಗೆ ಎರಡೂ ಒಂದೇ ಸರ್" ಎಂದ.

ಈ ವಾರವೆಲ್ಲ ಅಡುಗೆ ಮಾಡುವಾಗ, ಬಸ್ಸಿಗೆ ಕಾಯುವಾಗ ಇದೇ ಮಾತು ತಲೆಯೊಳಗೆ ತಿರುಗುತ್ತಿದೆ. ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವನು ಗೌರವವಾಗಿಯೇ ಮಾತನಾಡಿದ್ದ, ನೀರು ಬೇಕೇ ಎಂದು ಕೂಡ ಕೇಳಿದ್ದ.

ಚಿಕ್ಕಪ್ಪನದು ಆಲ್ದೂರಿನ ಕಡೆ ಸಣ್ಣ ತೋಟ. ಅರೇಬಿಕಾ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು. ಕೊಯ್ಲು ಶುರುವಾಗುವ ಮೊದಲು ಕಣಕ್ಕೆ ಕಾಂಕ್ರೀಟು ಹಾಕಿಸಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಒಂದು ಯಂತ್ರ, ಪಲ್ಪರ್, ಕೊಳ್ಳಬೇಕೆಂಬುದು ಅವರ ಬಹುಕಾಲದ ಆಸೆ. ಹಣ್ಣು ಕೊಯ್ಯುವ ಹೊತ್ತಿಗೇ ಮಳೆ ಹಿಡಿದರೆ ಮಣ್ಣಿನ ಕಣ ಯಾವುದಕ್ಕೂ ಬಾರದು. ಬೆಳೆ ಸಾಲವನ್ನು ಗಡುವಿಗೆ ಮೊದಲೇ ಕಟ್ಟಿ ನವೀಕರಿಸಿಕೊಳ್ಳುವ ಮನುಷ್ಯ. ಕಣಕ್ಕೂ ಪಲ್ಪರಿಗೂ ಸಾಲ ಕೇಳಲು ಚಿಕ್ಕಮಗಳೂರಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಬಂದಿದ್ದರು. ಮುನ್ನೂರರಿಂದ ಒಂಬೈನೂರರವರೆಗಿನ ಅಳತೆಯಲ್ಲಿ ಅವರ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ತೀರಿಸುವ ಶಿಸ್ತಿಗೆ ಕೊಡುವ ಅಂಕ, ಆರುನೂರರ ಆಸುಪಾಸಿನಲ್ಲಿತ್ತು. ಏಳುನೂರೈವತ್ತು ದಾಟಿದವರಿಗೆ ಬ್ಯಾಂಕುಗಳು ಕುರ್ಚಿ ಎಳೆದು ಕೂರಿಸುತ್ತವೆ. ಆರುನೂರು ಎಂದರೆ, ಫೈಲು ಮೇಲಕ್ಕೆ ಹೋಗುವುದೇ ಇಲ್ಲ.

ಕಾರಣ, ಪಕ್ಕದ ತೋಟದವರ ಪಿಕಪ್ ವಾಹನ. ಅವರ ಸಾಲಕ್ಕೆ ಚಿಕ್ಕಪ್ಪ ಜಾಮೀನು ನಿಂತಿದ್ದರು. ದೇವಸ್ಥಾನದ ಸಮಿತಿಯಲ್ಲಿ ಇಬ್ಬರೂ ಜೊತೆಗಿದ್ದವರು. ಆ ಮನುಷ್ಯ ಕೆಟ್ಟವರೇನಲ್ಲ. ಆದರೆ ಕಂತು ನಿಂತ ಕಾಲದಲ್ಲಿಯೇ ಅವರ ಮನೆಗೆ ದೊಡ್ಡ ಟಿವಿ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಅಂಕದ ಜೊತೆಗೆ ಬರುವ ಕ್ರೆಡಿಟ್ ವರದಿಯಲ್ಲಿ ಕಳೆದ 36 ತಿಂಗಳಿಗೆ ತಿಂಗಳಿಗೊಂದರಂತೆ ಚೌಕಗಳಿರುತ್ತವೆ. ಸಮಯಕ್ಕೆ ಕಟ್ಟಿದ ತಿಂಗಳಿಗೆ ಮೂರು ಸೊನ್ನೆ, ಇಲ್ಲವಾದರೆ ಎಷ್ಟು ದಿನ ತಡವೋ ಆ ಸಂಖ್ಯೆ. ಚಿಕ್ಕಪ್ಪನ ಸ್ವಂತ ಸಾಲದ ಸಾಲಿನಲ್ಲೆಲ್ಲ ಸೊನ್ನೆಗಳೇ. ಅದರ ಕೆಳಗಿನ ಪಿಕಪ್ಪಿನ ಸಾಲಿನಲ್ಲಿ ಮೂವತ್ತು, ಅರವತ್ತು, ತೊಂಬತ್ತು ಏರುತ್ತಾ ಹೋಗಿತ್ತು.

ಮನೆಗೆ ಬಂದು ಹುಡುಕಿದರೆ, ಹುಡುಗ ಹೇಳಿದ್ದು ಅಕ್ಷರಶಃ ಕಾನೂನು. 1872ರ ಭಾರತೀಯ ಒಪ್ಪಂದ ಕಾಯ್ದೆಯ 128ನೇ ಕಲಂ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಅವನನ್ನು ಕೇಳಿ, ಆಮೇಲೆ ನನ್ನನ್ನು ಕೇಳಿ ಎನ್ನುವ ಹಕ್ಕು ಕೂಡ ಸಾಮಾನ್ಯವಾಗಿ ಇರುವುದಿಲ್ಲ. ಚಿಕ್ಕಪ್ಪನಿಗೆ ಓದಿ ಹೇಳಿದೆ. "ಬ್ರಿಟಿಷರ ಕಾಲದ್ದಾ?" ಎಂದು ಕೇಳಿ, ತಪ್ಪು ಸಿಕ್ಕಿತೆಂಬಂತೆ ತಲೆಯಾಡಿಸಿದರು.

ಅವರಿಗೆ ಮೊದಲು ಹೊಳೆದ ಉಪಾಯವೆಂದರೆ ಐ.ಜಿ. ರಸ್ತೆಯ ಉಳಿದ ಬ್ಯಾಂಕುಗಳಿಗೆಲ್ಲ ಅರ್ಜಿ ಹಾಕುವುದು. ತಡೆದೆ. ಹಾಕಿದ ಪ್ರತಿ ಅರ್ಜಿಯ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ. ಸಾಲಕ್ಕಾಗಿ ಊರೆಲ್ಲ ಅಲೆಯುವವನನ್ನು ಕಂಡರೆ ಬ್ಯಾಂಕಿಗೂ ಭಯ, ಅಂಕ ಇನ್ನೂ ಇಳಿಯುತ್ತದೆ. ನಮ್ಮ ವರದಿಯನ್ನು ನಾವೇ ತೆಗೆದು ನೋಡಿದರೆ ಮಾತ್ರ ಏನೂ ಆಗುವುದಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ವರದಿ, ಅಂಕ ತಯಾರಿಸುವ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಎರಡನೆಯ ಉಪಾಯವನ್ನು ತಂದವನು ಅವರ ಸೋದರಳಿಯ: ಯಾರೋ ಹಣ ತೆಗೆದುಕೊಂಡು "ಸಿಬಿಲ್ ಕ್ಲೀನ್" ಮಾಡಿಕೊಡುತ್ತಾರಂತೆ. ನಿಜವಾಗಿ ಬಾಕಿ ಇರುವುದನ್ನು ಅಳಿಸಲು ಯಾರ ಅಪ್ಪನಿಂದಲೂ ಆಗದು. ತಪ್ಪಾಗಿ ನಮೂದಾದದ್ದನ್ನು ತಿದ್ದಿಸಲು ಹಣವೇ ಬೇಡ.

ತಪ್ಪಾಗಿ ನಮೂದಾದದ್ದೂ ಒಂದಿತ್ತು. ಎಂದೋ ತೀರಿಸಿ ಒಡವೆ ಬಿಡಿಸಿಕೊಂಡ ಚಿನ್ನದ ಸಾಲವೊಂದು ಇನ್ನೂ ಚಾಲ್ತಿಯಲ್ಲಿದೆ ಎಂದು ಕೂತಿತ್ತು. ಚಿಕ್ಕಮ್ಮ ಬೀರುವಿನಿಂದ ರಸೀದಿ ತೆಗೆದುಕೊಟ್ಟರು. ಅವರು ರಸೀದಿ ಎಸೆಯುವ ಜಾತಿಯವರಲ್ಲ. ಆನ್‌ಲೈನಿನಲ್ಲಿಯೇ ದೂರು ಹಾಕಿದೆವು. 30 ದಿನದೊಳಗೆ ಬಗೆಹರಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕೆಂದು ತಿಳಿದು ಚಿಕ್ಕಮ್ಮನಿಗೆ, ತಡವಾದರೂ ಚಿಂತೆಯಿಲ್ಲ ಎನ್ನುವಷ್ಟು ಖುಷಿಯಾಯಿತು.

ನನ್ನನ್ನು ಕಾಡುತ್ತಿರುವುದು ಇದಲ್ಲ. ಸಾಲ ನನ್ನದಲ್ಲ, ಸಹಿ ನನ್ನದು ಎಂದಾಗ ಚಿಕ್ಕಪ್ಪನ ದನಿಯಲ್ಲಿ ಅಳುಕು ಇರಲಿಲ್ಲ, ಸ್ವಲ್ಪ ಹೆಮ್ಮೆಯೇ ಇತ್ತು. ತನ್ನ ಸಹಿಗೆ ಬೆಲೆ ಇದೆ ಎಂದೇ ಅಲ್ಲವೇ ಪಕ್ಕದ ತೋಟದವರು ಕೇಳಿಕೊಂಡು ಬಂದದ್ದು? ನಮ್ಮ ಕಡೆ ಕಾಫಿ ವ್ಯಾಪಾರಿ ಬೆಳೆ ಕೈಗೆ ಬರುವ ಮೊದಲೇ ಮಾತಿನ ಮೇಲೆ ಮುಂಗಡ ಕೊಡುತ್ತಾನೆ. ಅಂಥ ಕಡೆ "ಜಾಮೀನು ನಿಲ್ಲುವುದಿಲ್ಲ" ಎಂದರೆ ನಾಳೆಯಿಂದ ಮದುವೆ ಮನೆಯಲ್ಲಿ ಎದುರಾದಾಗ ಮುಖ ತಿರುಗಿಸಬೇಕಾಗುತ್ತದೆ. ದಾಕ್ಷಿಣ್ಯಕ್ಕೆ ಮಣಿದು ಗಳಿಸಿದ ಹೆಸರು ಊರಿನಲ್ಲಿ ಚಿಕ್ಕಪ್ಪನನ್ನು ದೊಡ್ಡವರನ್ನಾಗಿ ಮಾಡಿತು, ಬ್ಯಾಂಕಿನಲ್ಲಿ ಅದೇ ಅವರ ಅಂಕ ಇಳಿಸಿತು.

ಇಷ್ಟಕ್ಕೇ ನಿಲ್ಲಿಸಿ, ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಬರೆಯಬಹುದಿತ್ತು. ಆದರೆ ತೋಟದ ಕೂಲಿಯಾಳುಗಳ ಲೈನ್ ಮನೆಯಲ್ಲಿರುವ ಹೆಂಗಸೊಬ್ಬರು ನೆನಪಾಗುತ್ತಾರೆ. ವಾರ ವಾರ ಸಂಘದ ಕಂತನ್ನು ಜ್ವರವಿದ್ದರೂ ಹೋಗಿ ಕಟ್ಟಿ ಬರುವವರು. ಮೊನ್ನೆ ಇದೇ ಶಾಖೆಯಲ್ಲಿ ಮಗನ ಬೈಕಿಗೆ ಅವರ ಹೆಸರಿನಲ್ಲಿ ಸಾಲ ಸಿಕ್ಕಿತಂತೆ. ಊರಿನ ಹಳೆಯ ಲೆಕ್ಕದಲ್ಲಿ ಆಕೆಯ ಸಹಿಗೆ ಏನು ಬೆಲೆಯಿತ್ತು? ಸಾಕ್ಷಿ ಹಾಕಲು ಕೂಡ ಯಾರೂ ಕರೆದಿರಲಿಲ್ಲ. ತೋಟ ಇದ್ದವರು ತೋಟ ಇದ್ದವರನ್ನು ನಂಬುತ್ತಿದ್ದರು, ಅದಕ್ಕೆ ನಾವು ವಿಶ್ವಾಸ ಎಂದು ಹೆಸರಿಟ್ಟಿದ್ದೆವು. ಪರದೆಯ ಮೇಲಿನ ಸಂಖ್ಯೆಗೆ ತೋಟವೂ ಕಾಣುವುದಿಲ್ಲ, ಲೈನ್ ಮನೆಯೂ ಕಾಣುವುದಿಲ್ಲ. ಚಿಕ್ಕಪ್ಪನ ಒಳ್ಳೆಯತನ ಕಾಣದಿರುವುದೂ ಅದೇ ಕಾರಣಕ್ಕೆ. ಒಂದನ್ನು ಮೆಚ್ಚಿ ಇನ್ನೊಂದಕ್ಕೆ ಗೊಣಗುವುದು ಹೇಗೆ ಎಂದು ನನಗೆ ಇನ್ನೂ ತಿಳಿದಿಲ್ಲ.

ಗುರುವಾರ ಚಿಕ್ಕಪ್ಪ ಮೆಣಸಿನ ಹಣದಿಂದ ಪಿಕಪ್ಪಿನ ಬಾಕಿ ಕಂತುಗಳನ್ನೆಲ್ಲ ತಾವೇ ಕಟ್ಟಿದರು. 2025ರಿಂದ ಬ್ಯಾಂಕುಗಳು ಆ ಸಂಸ್ಥೆಗಳಿಗೆ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕಾಗಿರುವುದರಿಂದ ಬಾಕಿ ತೀರಿದ್ದು ಬೇಗ ಕಾಣುತ್ತದೆ. ತಡವಾದ ತಿಂಗಳುಗಳ ಚೌಕ ಹಾಗೆಯೇ ಇರುತ್ತದೆ. "ಕೆಲವು ತಿಂಗಳು ಹೀಗೇ ಸರಿಯಾಗಿ ನಡೆಯಲಿ, ಮತ್ತೆ ನೋಡೋಣ ಸರ್" ಎಂದ ಹುಡುಗ. ಅಂದರೆ ಈ ಕೊಯ್ಲಿಗೆ ಮಣ್ಣಿನ ಕಣವೇ ಗತಿ.

ವಿಷಯ ತಿಳಿದು ಪಕ್ಕದ ತೋಟದವರು ಸಂಜೆಯೇ ಬಂದರು. ಕಾಫಿ ಕುಡಿದರು. "ಒಂದು ಮಾತು ಹೇಳಿದ್ದರೆ ನಾನೇ ಕಟ್ಟುತ್ತಿದ್ದೆನಲ್ಲ ಅಣ್ಣ" ಎಂದರು. ಚಿಕ್ಕಪ್ಪ "ಇರಲಿ ಬಿಡು" ಎಂದರು. ಒಳಗಿದ್ದ ಚಿಕ್ಕಮ್ಮ ಲೋಟವನ್ನು ಸ್ವಲ್ಪ ಜೋರಾಗಿಯೇ ಇಟ್ಟರು. ಅದೇ ಕಾಯ್ದೆಯ 145ನೇ ಕಲಂ ಪ್ರಕಾರ ಜಾಮೀನುದಾರ ನ್ಯಾಯವಾಗಿ ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡಬಹುದು ಎಂದು ನಾನು ಚಿಕ್ಕಮ್ಮನಿಗೆ ಹೇಳಿದ್ದೇನೆ. ನೋಟಿಸು ಬರೆಯಿಸಲು ಒಬ್ಬ ವಕೀಲರನ್ನು ಹುಡುಕು ಎಂದಿದ್ದಾರೆ. ಚಿಕ್ಕಪ್ಪನಿಗೆ ಇನ್ನೂ ಗೊತ್ತಿಲ್ಲ.